ಜುಲೈನಲ್ಲಿ ಸ್ಟಾರ್ಟ್ ಆಗದ ಕಾರು

ಗುಜರಿಯವನಿಗೆ ಕೊಡುವ ಮೊದಲು ಕಾರು ಯಾಕೆ ಸ್ಟಾರ್ಟ್ ಆಗುವುದಿಲ್ಲ ಎಂದು ಯಾರಿಗಾದರೂ ತೋರಿಸಬೇಕು ಎಂದು ಇಂದುಮತಿ ಹೇಳಿದಾಗ, ಫೋನಿನ ಆ ಕಡೆಯಿಂದ ಮಗಳು ಇಂಚರ ತಡೆದಳು.

"ಅಮ್ಮ, ಸೋಮವಾರ ಆ ಮನುಷ್ಯ ಬಂದು ಟೋ ಮಾಡ್ಕೊಂಡು ಹೋಗ್ತಾನ. ಸ್ಟಾರ್ಟ್ ಆಗೋದು ಜರೂರತ್ ಇಲ್ಲ."

"ಗೊತ್ತದ."

"ಮತ್ತ ಯಾಕ?"

"ನೋಡಬೇಕು ಅನಸ್ತು."

ಇಂಚರ ಹುಟ್ಟಿದ್ದು ಬೆಳೆದದ್ದು ಕೋಲ್ಕತ್ತದಲ್ಲೇ. ಮನೆಯ ಧಾರವಾಡ ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತಿತ್ತು, ಮಾತಾಡುವಾಗ ಮಾತ್ರ ಅರ್ಧ ದಾರಿಗೆ ಹಿಂದಿ ಬಂದುಬಿಡುತ್ತಿತ್ತು. ಟಾಲಿಗಂಜ್‌ನ ಒಂದು ಸ್ಟುಡಿಯೋದಲ್ಲಿ ಧಾರಾವಾಹಿಗಳಿಗೆ ಶಬ್ದ ಹೊಂದಿಸುವ ಕೆಲಸ ಅವಳದು. ವಾರವಿಡೀ ಕಿವಿಗೆ ಹೆಡ್‌ಫೋನು ಹಾಕಿಕೊಂಡಿರುವವಳು ಭಾನುವಾರ ಬೆಹಾಲಾದ ಅಪ್ಪ ಅಮ್ಮನ ಮನೆಗೆ ಬಂದು ಅಪ್ಪನ ಉಗುರು ಕತ್ತರಿಸಿ, ಗಡ್ಡ ಮಾಡಿ, ಸಂಜೆಗೆ ಹೋಗುತ್ತಿದ್ದಳು. "ಠೀಕ್ ಅದ, ತೋರಿಸು," ಎಂದು ಫೋನಿಟ್ಟಳು.

ಕಾರು ಅಪಾರ್ಟ್‌ಮೆಂಟಿನ ಕೆಳಗಿನ ಗ್ಯಾರೇಜಿನಲ್ಲಿ ಏಳು ತಿಂಗಳಿಂದ ನಿಂತಿತ್ತು. ಬಿಳಿಯ ಪುಟ್ಟ ಕಾರು. ಇಂಚರ ಹೈಸ್ಕೂಲಿಗೆ ಹೋಗುತ್ತಿದ್ದಾಗ ಕೊಂಡದ್ದು. ಇಂದುಮತಿಯ ಗಂಡ ದೇವೇಂದ್ರ ಅದನ್ನು ಎಂದೂ ಸರ್ವಿಸ್ ಸೆಂಟರಿಗೆ ಬಿಟ್ಟವನಲ್ಲ. ಇಲ್ಲಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಎಲೆಕ್ಟ್ರಿಕಲ್ ಪಾಠ ಹೇಳಿದವನು, ತನ್ನ ಕಾರನ್ನು ಬೇರೆಯವರು ಬಿಚ್ಚುವುದೆಂದರೆ ಅವನಿಗೆ ಆಗದು. ಭಾನುವಾರ ಬೆಳಿಗ್ಗೆ ಹಳೆಯ ಪಂಚೆ ಸುತ್ತಿಕೊಂಡು ಕೆಳಗೆ ಇಳಿದರೆ ಊಟದ ಹೊತ್ತಿಗೆ ಕರೆದು ತರಬೇಕಿತ್ತು. ಇಂದುಮತಿ ಶಾಲೆಯೊಂದರಲ್ಲಿ ಭೂಗೋಳದ ಟೀಚರು. ಇಬ್ಬರೂ ಒಂದೇ ವರ್ಷ ನಿವೃತ್ತರಾದರು. ಊರಿಗೆ ಹೋಗಿ ಇರೋಣವೇ ಎಂಬ ಮಾತು ಒಂದೆರಡು ಸಲ ಬಂದಿತ್ತು. ಮೂವತ್ತು ವರ್ಷದಲ್ಲಿ ಧಾರವಾಡದಲ್ಲಿ ಗುರುತಿನವರೇ ಕಡಿಮೆಯಾಗಿದ್ದರು, ಇಲ್ಲಿಯೇ ಉಳಿದರು.

ಜುಲೈ ತಿಂಗಳ ಆ ಬೆಳಿಗ್ಗೆ ಐದೂವರೆಗೆ ದೇವೇಂದ್ರ ನೀರು ಕುಡಿಯಲು ಎದ್ದ. ಬಲಗೈಯಿಂದ ಲೋಟ ಜಾರಿ ಬಿತ್ತು. ಸದ್ದಿಗೆ ಎಚ್ಚರಾದ ಇಂದುಮತಿ ನೋಡಿದರೆ ಅವನು ಮಂಚದ ತುದಿಯಲ್ಲಿ ಕೂತು ತನ್ನ ಕೈಯನ್ನೇ ನೋಡುತ್ತಿದ್ದ. ಏನಾಯಿತೆಂದು ಕೇಳಿದರೆ ನಾಲಿಗೆ ತೊಡರಿತು. ಆಕೆಗೆ ತಕ್ಷಣ ಗೊತ್ತಾಯಿತು. ವಾಚ್‌ಮನ್‌ನ ಸಹಾಯದಿಂದ ಲಿಫ್ಟಿನಲ್ಲಿ ಇಳಿಸಿ, ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ತಾನು ಸ್ಟಿಯರಿಂಗ್ ಹಿಂದೆ ಕೂತು ಕೀ ತಿರುಗಿಸಿದಳು.

ಟಕ್ ಎಂದಿತು. ಅಷ್ಟೇ. ಇನ್ನೊಮ್ಮೆ ತಿರುಗಿಸಿದಳು. ಟಕ್.

ಆಗ ದೇವೇಂದ್ರ ಆಕೆಯ ಕಡೆ ವಾಲಿ, ದಪ್ಪಗಾದ ನಾಲಿಗೆಯಲ್ಲಿ, ಒಂದೊಂದೇ ಶಬ್ದ ಹೆಕ್ಕಿದ ಹಾಗೆ ಕೇಳಿದ: "ರಾತ್ರಿ ಒಳಗಿನ ಲೈಟ್ ಆರಿಸಿದ್ದಿಲ್ಲೇನ ನೀ?"

ಹಿಂದಿನ ಸಂಜೆ ಮಳೆಯಲ್ಲಿ ಇಂಚರಳ ಮನೆಯಿಂದ ಬಂದಿದ್ದರು. ಓಡಿಸಿದ್ದು ಇಂದುಮತಿ. ಗ್ಯಾರೇಜಿನಲ್ಲಿ ನಿಲ್ಲಿಸಿದ ಮೇಲೆ ಅವನ ಕನ್ನಡಕದ ಡಬ್ಬಿ ಸೀಟಿನ ಕೆಳಗೆ ಬಿದ್ದಿತ್ತೆಂದು ಒಳಗಿನ ಲೈಟು ಹಾಕಿ ಹುಡುಕಿದ್ದಳು. ಡಬ್ಬಿ ಸಿಕ್ಕಿತ್ತು. ಲೈಟು ಆರಿಸಿದೆನೋ ಇಲ್ಲವೋ ಎಂಬುದು ನೆನಪಿಗೆ ಬರಲಿಲ್ಲ. ಆಗಲೂ ಬರಲಿಲ್ಲ, ಆಮೇಲೆ ಏಳು ತಿಂಗಳಲ್ಲಿಯೂ ಬರಲಿಲ್ಲ.

ಎಲ್ಲೋ ರಸ್ತೆಯಲ್ಲಿ ನೀರು ನಿಂತಿದೆ ಎಂದು ಆಂಬುಲೆನ್ಸ್ ಬರಲು ಐವತ್ತು ನಿಮಿಷ ಹಿಡಿಯಿತು. ಆಸ್ಪತ್ರೆ ಮುಟ್ಟುವಾಗ ದೇವೇಂದ್ರನ ಮಾತು ನಿಂತುಹೋಗಿತ್ತು. ಪಾರ್ಶ್ವವಾಯು ಶುರುವಾದದ್ದು ನಿದ್ದೆಯಲ್ಲೋ ಎದ್ದ ಮೇಲೋ ತಿಳಿಯದು, ಹಾಗಾಗಿ ಬೇಗ ಬಂದಿದ್ದರೂ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಆಗುತ್ತಿತ್ತೋ ಇಲ್ಲವೋ ಹೇಳಲಾರೆ ಎಂದು ಡಾಕ್ಟರು ಹೇಳಿದರು. ಇಂದುಮತಿಯ ಕಿವಿಗೆ ಬಿದ್ದದ್ದು 'ಬೇಗ ಬಂದಿದ್ದರೂ' ಎಂಬ ಒಂದು ಮಾತು. ಆಸ್ಪತ್ರೆಯ ಕಾರಿಡಾರಿನಲ್ಲಿ ಇಂಚರ ಓಡಿಬಂದು, ಕಾರ್ ಇತ್ತಲ್ಲ ಅಮ್ಮ, ಕಾರಿಗೇನಾಯಿತು ಎಂದಳು. "ಲೈಟ್ ಬಿಟ್ಟಿದ್ದೆ. ಬ್ಯಾಟರಿ ಹೋಗಿತ್ತು," ಎಂದಳು ಇಂದುಮತಿ. ಇಂಚರ ಏನೂ ಅನ್ನಲಿಲ್ಲ. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ದೇವೇಂದ್ರ ಉಳಿದ. ಬಲಗೈ, ಬಲಗಾಲು ಅವನ ಹೇಳಿಕೆ ಕೇಳದಾದವು. ಬಾಯಲ್ಲಿ ಒಂದೇ ಒಂದು ಶಬ್ದ ಉಳಿಯಿತು: "ಬ್ಯಾಡ." ಚಹಾ ಬೇಕಾದರೂ ಬ್ಯಾಡ, ಸಾಕಾದರೂ ಬ್ಯಾಡ, ಫ್ಯಾನು ಹಾಕು ಎನ್ನಲೂ ಬ್ಯಾಡ. ದನಿ ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ಸ್ಪೀಚ್ ಥೆರಪಿಯವರು ಹೇಳಿದಂತೆ ಒಂದು ಪ್ಯಾಡು, ಸ್ಕೆಚ್ ಪೆನ್ನು ತಂದಿಟ್ಟಿದ್ದರು. ಎಡಗೈಯಲ್ಲಿ ಬರೆಯಲು ಹೋದರೆ ಅಕ್ಷರಗಳು ಕೂಡುತ್ತಿರಲಿಲ್ಲ. ಎರಡು ಸಲ ಪ್ರಯತ್ನ ಮಾಡಿ ಪೆನ್ನು ಎಸೆದಿದ್ದ.

ಇಂದುಮತಿ ಅಳಲಿಲ್ಲ. ಬೆಳಿಗ್ಗೆ ಆರಕ್ಕೆ ಮಾತ್ರೆ, ಎಂಟಕ್ಕೆ ಆಯಾ ಪದ್ಮಿನಿ ಬರುವುದು, ಹನ್ನೊಂದಕ್ಕೆ ಫಿಸಿಯೋ, ಮಧ್ಯಾಹ್ನ ಮೆತ್ತಗೆ ಕಲಸಿದ ಅನ್ನ, ರಾತ್ರಿ ಎರಡು ಸಲ ಮಗ್ಗುಲು ಬದಲಿಸುವುದು. ಅಕ್ಟೋಬರಿನಲ್ಲಿ ದುರ್ಗಾಪೂಜೆಯ ಐದು ದಿನ ಬೀದಿಯ ತುಂಬ ಢಾಕ್ ಡೋಲಿನ ಸದ್ದು. ಆಕೆ ಕಿಟಕಿ ಮುಚ್ಚಿದಳು, ಮುಗಿದ ಮೇಲೆ ತೆಗೆದಳು. ಧಾರವಾಡದಿಂದ ಫೋನು ಮಾಡಿದವರು "ಹೆಂಗದೀರಿ" ಎಂದರೆ "ಆರಾಮ" ಎನ್ನುತ್ತಿದ್ದಳು. ಸುಳ್ಳು ಹೇಳುತ್ತಿದ್ದೇನೆ ಎಂದೂ ಅನಿಸುತ್ತಿರಲಿಲ್ಲ. ಕೇಳಿದ ಪ್ರಶ್ನೆಗೆ ಒಂದು ಉತ್ತರ, ಅಷ್ಟೇ.

ಮಿಹಿರ್ ದಾ ಶುಕ್ರವಾರ ಹತ್ತು ಗಂಟೆಗೆ ಬಂದ. ಕಾರಿನ ವೈರಿಂಗ್ ಕೆಲಸವೊಂದನ್ನೇ ಮಾಡುವವನು, ಅರವತ್ತು ದಾಟಿದವನು. ಸೈಕಲ್ಲಿನ ಹಿಂದೆ ಒಂದು ಬ್ಯಾಟರಿಯನ್ನು ಹಗ್ಗದಲ್ಲಿ ಬಿಗಿದು ತಂದಿದ್ದ. ವಾಚ್‌ಮನ್ ಕೈಕೊಟ್ಟ, ಚಕ್ರಗಳಿಗೆ ಗಾಳಿ ತುಂಬಿಸಿ ಕಾರನ್ನು ಗ್ಯಾರೇಜಿನಿಂದ ಅಂಗಳಕ್ಕೆ ತಳ್ಳಿದರು. ಮೊದಲ ಮಹಡಿಯ ಬಾಲ್ಕನಿಯಲ್ಲಿ ಪದ್ಮಿನಿ ದೇವೇಂದ್ರನ ಗಾಲಿಕುರ್ಚಿಯನ್ನು ಬಿಸಿಲಿಗೆ ತಂದು ನಿಲ್ಲಿಸಿದ್ದಳು. ಅವನು ಕಂಬಿಯ ಸಂದಿಯಿಂದ ಕೆಳಗೆ ನೋಡುತ್ತಿದ್ದ.

ಮಿಹಿರ್ ಬಾನೆಟ್ ಎತ್ತಿ ಹಳೆಯ ಬ್ಯಾಟರಿಗೆ ಮೀಟರಿನ ಎರಡು ಕಡ್ಡಿ ಮುಟ್ಟಿಸಿದ.

"ಇದು ಮುಗಿದಿದೆ ಬೌದಿ. ಮೂರು ವೋಲ್ಟ್ ಕೂಡ ಇಲ್ಲ." ಬೌದಿ ಎಂದರೆ ಅತ್ತಿಗೆ; ಇಲ್ಲಿ ಎಲ್ಲರೂ ಆಕೆಯನ್ನು ಹಾಗೇ ಕರೆಯುತ್ತಿದ್ದರು.

ಇಂದುಮತಿಗೆ ಆಶ್ಚರ್ಯವಾಗಲಿಲ್ಲ. ತಿಳಿದದ್ದನ್ನು ಇನ್ನೊಬ್ಬರ ಬಾಯಿಂದ ಕೇಳಿದ ಹಾಗಾಯಿತು. "ಒಳಗಿನ ಲೈಟು ರಾತ್ರಿಯಿಡೀ ಉರಿದರೆ ಹೀಗಾಗುತ್ತದೆಯೇ?" ಎಂದು ಹಿಂದಿಯಲ್ಲಿ ಕೇಳಿದಳು.

"ಮೇಲಿನ ಈ ಪುಟ್ಟ ಬಲ್ಬಾ?" ಮಿಹಿರ್ ಬಗ್ಗಿ ಒಳಗೆ ನೋಡಿದ. "ಬ್ಯಾಟರಿ ಮೊದಲೇ ಮುದಿಯಾಗಿದ್ದರೆ ಆಗಬಹುದು. ಆದರೆ ಈಗ ಏನು ಹೇಳೋದು? ಏಳು ತಿಂಗಳು ನಿಲ್ಲಿಸಿದರೆ ಹೊಸದೂ ಸಾಯುತ್ತದೆ. ಅವತ್ತು ಇದರಲ್ಲಿ ಜೀವ ಇತ್ತೋ ಇಲ್ಲವೋ ಇದನ್ನು ನೋಡಿ ಗೊತ್ತಾಗಲ್ಲ."

ತಾನು ತಂದ ಬ್ಯಾಟರಿಯನ್ನು ಕೂರಿಸಿ, ಟರ್ಮಿನಲ್ ಬಿಗಿದು, ಮೀಟರಿನಲ್ಲಿ ಹನ್ನೆರಡೂ ಮುಕ್ಕಾಲು ನೋಡಿ, "ಹಾಕಿ ಬೌದಿ, ಸೆಲ್ಫ್ ಹೊಡೆಯಿರಿ," ಎಂದ.

ಆಕೆ ಆ ಸೀಟಿನಲ್ಲಿ ಕೂತದ್ದು ಜುಲೈ ನಂತರ ಇದೇ ಮೊದಲು. ಒಳಗೆ ಮುಗ್ಗಲು ವಾಸನೆ. ಕೀ ತಿರುಗಿಸಿದಳು.

ಟಕ್.

ಮಿಹಿರ್ ತಲೆ ಎತ್ತಿದ. "ಇನ್ನೊಮ್ಮೆ."

ಟಕ್.

ಇಂದುಮತಿ ಕೀ ಮೇಲೆ ಕೈಯಿಟ್ಟುಕೊಂಡೇ ಕೂತಳು. ಇದೇ ಸದ್ದು. ಹೆಚ್ಚಿಲ್ಲ, ಕಡಿಮೆಯಿಲ್ಲ. ಬ್ಯಾಟರಿ ಬೇರೆ, ಸದ್ದು ಅದೇ.

ಮಿಹಿರ್ ಬಾಗಿಲ ಬಳಿ ಬಂದು ಬಗ್ಗಿ ಕೇಳಿದ, "ಅವತ್ತೂ ಹೀಗೇ ಅಂದಿತ್ತಾ? ಒಂದೇ ಸಲ ಟಕ್? ಇಲ್ಲಾ ಟಕಟಕಟಕ ಅಂತ ಹೊಡಕೊಂಡಿತ್ತಾ?"

"ಒಂದೇ ಸಲ."

"ಕೀ ತಿರುಗಿಸಿದಾಗ ಮುಂದಿನ ಈ ಕೆಂಪು ದೀಪಗಳು? ಮಂಕಾದವಾ?"

ಆಕೆ ಡ್ಯಾಶ್‌ಬೋರ್ಡ್ ನೋಡಿದಳು. ಆ ಬೆಳಿಗ್ಗೆ ಗ್ಯಾರೇಜಿನಲ್ಲಿ ಇನ್ನೂ ಕತ್ತಲಿತ್ತು. ದೇವೇಂದ್ರ ಆಕೆಯ ಕಡೆ ವಾಲಿದಾಗ ಅವನ ಬಾಯಿಯ ಬಲಮೂಲೆ ಕೆಳಕ್ಕೆ ಜೋತಿದ್ದು ಕಂಡಿತ್ತು. ಜೋತ ಮೂಲೆಯಲ್ಲಿ ಒಂದು ಹನಿ ಜೊಲ್ಲು. ಅದನ್ನು ಕಂಡದ್ದು ಈ ಕೆಂಪು ದೀಪಗಳ ಬೆಳಕಿನಲ್ಲೇ. ಬೇರೆ ಬೆಳಕು ಅಲ್ಲಿರಲಿಲ್ಲ.

"ಮಂಕಾಗಿರಲಿಲ್ಲ," ಎಂದಳು. "ಚೆನ್ನಾಗಿ ಉರಿಯುತ್ತಿದ್ದವು."

"ಹಾಗಾದರೆ ಅವತ್ತು ಬ್ಯಾಟರಿ ಸರಿಯಾಗೇ ಇತ್ತು. ಬ್ಯಾಟರಿ ಇಳಿದಿದ್ದರೆ ಸೆಲ್ಫ್ ಹೊಡೆದ ತಕ್ಷಣ ದೀಪ ಸಾಯುತ್ತೆ. ಲೈಟು ಬಿಟ್ಟಿದ್ದರೂ ಅದರಿಂದ ಆದದ್ದಲ್ಲ ಇದು."

ಅವನು ಇದನ್ನು ಹೇಳಿ ಮತ್ತೆ ಬಾನೆಟ್ಟಿನ ಕಡೆ ಹೋದ. ಹವಾಮಾನದ ಬಗ್ಗೆ ಹೇಳಿದ ಹಾಗೆ ಹೇಳಿದ್ದ. ಇಂದುಮತಿ ಕೂತಲ್ಲೇ ಕೂತಳು. ಅಂಗಳದಾಚೆ ಯಾರೋ ಮೀನಿನವನನ್ನು ಕರೆಯುತ್ತಿದ್ದರು. ಆಕೆ ಆ ದನಿಯನ್ನೇ ಕೇಳುತ್ತಿದ್ದಳು.

ಮಿಹಿರ್ ಇನ್ನೂ ನಾಲ್ಕೈದು ಸಲ ಕೀ ತಿರುಗಿಸಲು ಹೇಳಿದ. ಪ್ರತಿ ಸಲವೂ ಟಕ್. ಕೊನೆಗೆ ಕೈ ಒರೆಸಿಕೊಳ್ಳುತ್ತ ನಿಂತ. "ಇಂಜಿನ್ ತಿರುಗಿಸೋ ಸೆಲ್ಫ್ ಮೋಟರ್ ಹೋಗಿದೆ ಅನಿಸುತ್ತೆ. ನಾಳೆ ಬಿಚ್ಚಿ ಅಂಗಡಿಗೆ ಒಯ್ಯುತ್ತೇನೆ."

"ಬ್ಯಾಡ."

ಮೇಲಿನಿಂದ ದೇವೇಂದ್ರ. ಎಲ್ಲರೂ ತಲೆಯೆತ್ತಿದರು. ಅವನು ಎಡಗೈಯಿಂದ ಕಂಬಿ ಹಿಡಿದು ಮುಂದಕ್ಕೆ ಬಾಗಿದ್ದ. "ಬ್ಯಾಡ. ಬ್ಯಾಡ. ಬ್ಯಾಡ." ಪದ್ಮಿನಿ ಅವನ ಭುಜ ಹಿಡಿದು ಹಿಂದಕ್ಕೆ ಕೂರಿಸಲು ನೋಡುತ್ತಿದ್ದಳು.

"ದಾದಾಗೆ ರಿಪೇರಿ ಬೇಡವೇನೋ," ಎಂದ ಮಿಹಿರ್.

ಇಂದುಮತಿ ಮೇಲೆ ಹೋದಳು. ದೇವೇಂದ್ರನ ಮುಖ ಕೆಂಪೇರಿತ್ತು. "ಏನಾತ್ರಿ? ಗಾಡಿ ಬಿಚ್ಚೂದು ಬ್ಯಾಡೇನು?" ಎಂದಳು. ಅವನು ತಲೆ ಅಲ್ಲಾಡಿಸಿ ಎಡಗೈಯಿಂದ ಗಾಳಿಯಲ್ಲಿ ಗೀಚಿ ತೋರಿಸಿದ. ಪದ್ಮಿನಿ ಪ್ಯಾಡನ್ನೂ ಸ್ಕೆಚ್ ಪೆನ್ನನ್ನೂ ತಂದು ತೊಡೆಯ ಮೇಲಿಟ್ಟಳು. ಹಾಳೆ ಜಾರದಂತೆ ಇಂದುಮತಿ ಹಿಡಿದುಕೊಂಡಳು. ಅವನು ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆದ. ಅದರ ಬುಡಕ್ಕೆ ಒಂದು ಅಡ್ಡಗೆರೆ. ಅದರ ಕೆಳಗೆ ಇನ್ನೊಂದು, ಚಿಕ್ಕದು. ಅದರ ಕೆಳಗೆ ಇನ್ನೂ ಚಿಕ್ಕದು. ಪೆನ್ನು ಇಟ್ಟು ಕೆಳಗೆ ಅಂಗಳದ ಕಡೆ ಬೆರಳು ತೋರಿಸಿದ.

ಅವನ ನೋಟ್‌ಬುಕ್ಕುಗಳಲ್ಲಿ ಎಂದೋ ಇಂಥದ್ದನ್ನು ಕಂಡ ಹಾಗಿತ್ತು. ಏನೆಂದು ಆಕೆಗೆ ಗೊತ್ತಿರಲಿಲ್ಲ. ಹಾಳೆ ಹರಿದುಕೊಂಡು ಕೆಳಗೆ ಹೋಗಿ ಮಿಹಿರ್‌ಗೆ ಕೊಟ್ಟಳು.

ಮಿಹಿರ್ ಹಾಳೆಯನ್ನು ದೂರ ಹಿಡಿದು ನೋಡಿದ. ಆಮೇಲೆ ಮೇಲಕ್ಕೆ ನೋಡಿದ. "ದಾದಾ ಏನು ಕೆಲಸದಲ್ಲಿದ್ದರು?"

"ಎಲೆಕ್ಟ್ರಿಕಲ್ ಪ್ರೊಫೆಸರ್."

"ಇದು ಅರ್ಥಿಂಗ್‌ನ ಗುರುತು," ಎಂದ. "ಅರ್ಥಿಂಗ್ ನೋಡು ಅನ್ನುತ್ತಿದ್ದಾರೆ. ಅದನ್ನು ನಾನು ಮೊದಲೇ ನೋಡಬೇಕಿತ್ತು."

ಅವನು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಇಂಜಿನ್ನಿನ ಬರಿ ಲೋಹಕ್ಕೂ ಒತ್ತಿ ಹಿಡಿದು, ಕೀ ತಿರುಗಿಸಲು ಹೇಳಿದ. ಟಕ್ ಎಂದಾಗ ಮೀಟರು ನೋಡಿ ನಾಲಿಗೆ ಕಚ್ಚಿಕೊಂಡ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣಬಾರದಂತೆ, ಒಂಬತ್ತು ಕಾಣುತ್ತಿತ್ತು. ಆಕ್ಸಿಲರೇಟರ್ ಕೇಬಲ್ ಮುಟ್ಟಿ ಕೈ ಹಿಂದೆಗೆದ. "ಮುಟ್ಟಿ ನೋಡಿ. ಬಿಸಿ. ಕರೆಂಟಿಗೆ ವಾಪಸ್ ಹೋಗಲು ತನ್ನ ದಾರಿ ಸಿಗದೆ ಈ ಸಣ್ಣ ಕೇಬಲ್ ಮೇಲೆ ಹೋಗಿದೆ. ಇಷ್ಟು ಸಣ್ಣದರಲ್ಲಿ ಸೆಲ್ಫ್ ತಿರುಗುವಷ್ಟು ಹೋಗಲ್ಲ."

ಚೀಲದಿಂದ ದಪ್ಪನೆಯ ಜಂಪರ್ ಕೇಬಲ್ ತೆಗೆದು ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ನೇರ ಇಂಜಿನ್ನಿಗೆ ಕಚ್ಚಿಸಿದ. "ಈಗ ಹೊಡೆಯಿರಿ."

ಇಂಜಿನ್ ಎರಡು ಸುತ್ತು ತಿರುಗಿತು, ಕೆಮ್ಮಿತು. ಇನ್ನೊಮ್ಮೆ ಹೊಡೆದಾಗ ಹಿಡಿಯಿತು. ಹೊಗೆ ಅಂಗಳ ತುಂಬಿತು. ವಾಚ್‌ಮನ್ ನಕ್ಕ. ಇಂದುಮತಿಯ ಕಾಲ ಕೆಳಗೆ ನೆಲ ನಡುಗುತ್ತಿತ್ತು. ಒಂದು ತಂತಿ, ಎರಡು ನಿಮಿಷ.

ಮಿಹಿರ್ ಇಂಜಿನ್ ನಿಲ್ಲಿಸಿ ಜಂಪರ್ ತೆಗೆದ. ಕಾರಿನ ಮೈಯಿಂದ ಇಂಜಿನ್ನಿಗೆ ಬರುವ ಅರ್ಥಿಂಗ್ ತಂತಿಯ ನಟ್ಟು ಬಿಚ್ಚಲು ಕೂತ. ನಟ್ಟು ಬಿಗಿಯಾಗಿಯೇ ಇತ್ತು. ಬಿಚ್ಚಿ ತಂತಿಯ ಉಂಗುರ ಎತ್ತಿದರೆ ಅದರ ಕೆಳಗೆ ಬೂದು ಬಣ್ಣ, ನಯವಾಗಿ, ಎರಡು ಕೋಟು. ಬೋಲ್ಟಿನ ಸುತ್ತ ಮಾತ್ರ ಕೆಂಪು ತುಕ್ಕಿನ ಬಳೆ.

"ಯಾರೋ ಚೆನ್ನಾಗಿ ಬಣ್ಣ ಹೊಡೆದಿದ್ದಾರೆ ಬೌದಿ. ಒಳ್ಳೆ ಕೈಕೆಲಸ. ಆದರೆ ತಂತಿ ಕೂರೋ ಜಾಗ ಉಜ್ಜದೆ ಬಣ್ಣದ ಮೇಲೇ ಬಿಗಿದುಬಿಟ್ಟಿದ್ದಾರೆ. ಬೋಲ್ಟಿನ ಆಧಾರದ ಮೇಲೆ ಕೆಲವು ದಿನ ನಡೆದಿದೆ. ಮಳೆಗಾಲ ಬಂತು, ಬೋಲ್ಟು ತುಕ್ಕು ಹಿಡಿಯಿತು, ಮುಗಿಯಿತು." ಅವನು ಉಗುರಿನಿಂದ ಬಣ್ಣ ಕೆರೆದ. "ಯಾವ ಮೆಕ್ಯಾನಿಕ್ ಮಾಡಿದ್ದು?"

"ಗೊತ್ತಿಲ್ಲ," ಎಂದಳು ಇಂದುಮತಿ.

ಗೊತ್ತಿತ್ತು. ಮೇ ತಿಂಗಳ ಮೂರು ಭಾನುವಾರ. ಮಳೆಗಾಲಕ್ಕೆ ಮೊದಲು ತುಕ್ಕು ತೆಗೆದು ಬಣ್ಣ ಹಚ್ಚದಿದ್ದರೆ ಗಾಡಿ ಉಳಿಯುವುದಿಲ್ಲ ಎಂದು ದೇವೇಂದ್ರ ಮರಳು ಕಾಗದ, ಎರಡು ಡಬ್ಬಿ, ಒಂದು ಇಂಚಿನ ಬ್ರಷ್ಷು ಹಿಡಿದು ಇಳಿದಿದ್ದ. ಮೂರನೆಯ ಭಾನುವಾರ ಆಕೆ ಕೆಳಗೆ ಹೋಗಿ, ಊಟಕ್ಕೆ ಎಷ್ಟು ಸಲ ಕರೆಯಬೇಕು ಎಂದು ಸಿಡುಕಿದ್ದಳು. ಅವನು, ಆಯಿತು, ಇದೊಂದು ಬಿಗಿದು ಬಂದೆ ಎಂದಿದ್ದ.

ಮಿಹಿರ್ ಬಣ್ಣ ಕೆರೆದು ಲೋಹ ಹೊಳೆಯುವವರೆಗೆ ಉಜ್ಜುವಷ್ಟರಲ್ಲಿ ಆಕೆ ಮೇಲೆ ಹೋಗಿ ಬಂದಳು. ಹೋಗಬೇಕೆಂದು ತೀರ್ಮಾನಿಸಿ ಹೋದದ್ದಲ್ಲ; ಕಾಲು ಹೋದವು. ಪದ್ಮಿನಿಯನ್ನು ಚಹಾಕ್ಕೆ ನೀರಿಡಲು ಕಳಿಸಿ, ದೇವೇಂದ್ರನ ಎದುರಿಗೆ ಪ್ಲಾಸ್ಟಿಕ್ ಸ್ಟೂಲ್ ಎಳೆದು ಕೂತಳು.

"ಬಣ್ಣಾ ಹಚ್ಚಿ, ಅದರ ಮ್ಯಾಲೇ ವಾಯರ್ ಬಿಗದಿದ್ರಿ ನೀವು."

"ಬ್ಯಾಡ," ಎಂದ ಅವನು. ದನಿ ತೀರ ಕೆಳಗಿತ್ತು. ಆ ದನಿಯ ಬ್ಯಾಡ ಎಂದರೆ ಹೌದು.

"ಇವತ್ತ ಹೊಳೀತೇನು?"

ಅವನು ತಲೆ ಅಲ್ಲಾಡಿಸಿದ.

"ಮತ್ಯಾವಾಗ? ಪೂಜಾದಾಗ?"

ಸ್ವಲ್ಪ ಯೋಚಿಸಿ ಕಣ್ಣು ಮುಚ್ಚಿ ತೆಗೆದ. ಹೌದು. ಅಂದರೆ ನಾಲ್ಕು ತಿಂಗಳು. ನಾಲ್ಕು ತಿಂಗಳು ಇದೇ ಕುರ್ಚಿಯಲ್ಲಿ ಕೂತು, ಒಂದೊಂದೇ ತಂತಿಯನ್ನು ತಲೆಯೊಳಗೇ ಹಿಡಿದು ಹೋಗಿ, ಅಲ್ಲಿಗೆ ಮುಟ್ಟಿದ್ದ.

"ಹೇಳಬಹುದಿತ್ತಲ್ರಿ. ಇವತ್ತ ಬರದ್ರಲ್ಲ, ಅವತ್ತ ಬರೀಬಹುದಿತ್ತು."

ಅವನು ಎಡಗೈಯಿಂದ ಕಾರಿನ ಕಡೆ ತೋರಿಸಿದ, ಆಕೆಯ ಕಡೆ ತೋರಿಸಿದ, ಆಮೇಲೆ ಬೆರಳನ್ನು ತನ್ನ ತುಟಿಗೆ ಅಡ್ಡ ಹಿಡಿದ. ಅದು ನಿಜ. ಏಳು ತಿಂಗಳಲ್ಲಿ ಅವನ ಮುಂದೆ ಕಾರಿನ ಸುದ್ದಿಯನ್ನು ಯಾರೂ ತೆಗೆದಿರಲಿಲ್ಲ. ತೆಗೆಯಬಾರದೆಂದು ಆಕೆಯೇ ಇಂಚರಳಿಗೆ ಹೇಳಿದ್ದಳು.

"ಆ ದಿನಾ ಕಾರಿನ್ಯಾಗ ಕೂತಾಗ ನೀವು ನನಗೊಂದ ಮಾತ ಕೇಳಿದ್ರಿ. ನೆನಪದ ಏನು?"

ಅವನು ಆಕೆಯ ಮುಖವನ್ನೇ ನೋಡಿದ.

"ಒಳಗಿನ ಲೈಟ್ ಆರಿಸಿದ್ದಿಲ್ಲೇನ ನೀ, ಅಂದ್ರಿ."

ಅವನು ನೋಡುತ್ತಲೇ ಇದ್ದ. ಹುಬ್ಬು ಗಂಟಿಕ್ಕಿತು. ನಿಧಾನಕ್ಕೆ ತಲೆ ಅಲ್ಲಾಡಿಸಿದ. ಹೇಳಲಿಲ್ಲ ಎಂದು ವಾದಿಸುವ ಹಾಗೆ ಅಲ್ಲ. ಆಕೆ ಇನ್ನೊಮ್ಮೆ ಕೇಳಿದಳು. ಲೋಟ ಬಿದ್ದದ್ದು ನೆನಪಿದೆಯೇ? ಕಣ್ಣು ಮುಚ್ಚಿ ತೆಗೆದ. ಲಿಫ್ಟಿನಲ್ಲಿ ಇಳಿದದ್ದು? ಇಲ್ಲ. ಕಾರಿನಲ್ಲಿ ಕೂತದ್ದು? ಇಲ್ಲ. ಆ ಮಾತು ಅವನಲ್ಲಿ ಇರಲೇ ಇಲ್ಲ. ಅದು ಇದ್ದದ್ದು ಆಕೆಯ ಹತ್ತಿರ ಮಾತ್ರ.

ಅವನ ಕಣ್ಣಲ್ಲಿ ನೀರು ಬಂತು. ಪಾರ್ಶ್ವವಾಯು ಆದ ಮೇಲೆ ಟಿವಿಯಲ್ಲಿ ಮಗು ನಕ್ಕರೂ ಅವನ ಕಣ್ಣಿಗೆ ನೀರು ಬರುತ್ತಿತ್ತು. ಆಕೆ ರೂಢಿಯಂತೆ ಟವೆಲಿನ ತುದಿಯಿಂದ ಒರೆಸಿದಳು. ಅವನು ಆ ಕೈಯನ್ನು ಹಿಡಿದುಕೊಂಡ. ಆಕೆ ಬಿಡಿಸಿಕೊಳ್ಳಲಿಲ್ಲ. ಏನೋ ಬರುತ್ತದೆ ಎಂದು ಕಾದಳು; ಹಗುರವಾಗುತ್ತದೆ, ಇಲ್ಲವೇ ಸಿಟ್ಟು ಬರುತ್ತದೆ. ಹಲ್ಲು ಕೀಳಿಸಿಕೊಂಡ ದಿನ ತುಟಿ ಮುಟ್ಟಿಕೊಂಡರೆ ಬೆರಳಿಗೆ ತುಟಿ ತಿಳಿಯುತ್ತದೆ, ತುಟಿಗೆ ಬೆರಳು ತಿಳಿಯುವುದಿಲ್ಲ. ಹಾಗೆ ಕೂತಿದ್ದಳು.

"ಇರ್ಲಿ," ಎಂದಳು ಕೊನೆಗೆ. "ಚಹಾ ಕುಡೀರಿ."

ಕೆಳಗೆ ಮಿಹಿರ್ ತಂತಿ ಕೂರಿಸಿ, ಮೇಲೆ ವ್ಯಾಸಲೀನ್ ಸವರಿ, ಕೈ ತೊಳೆಯುತ್ತಿದ್ದ. ಈ ಬಾರಿ ಜಂಪರ್ ಇಲ್ಲದೆಯೇ ಕಾರು ಸ್ಟಾರ್ಟ್ ಆಯಿತು. "ಅರ್ಧ ಗಂಟೆಯಾದರೂ ಓಡಿಸಿ ಬನ್ನಿ ಬೌದಿ. ನಿಂತ ಗಾಡಿ. ಓಡಿದರೇ ಉಳಿದದ್ದೇನಿದೆ ಗೊತ್ತಾಗುತ್ತೆ," ಎಂದ. ಮೇಲೆ ನೋಡಿ ದೇವೇಂದ್ರನಿಗೆ ಕೈಯೆತ್ತಿ ನಮಸ್ಕಾರ ಮಾಡಿದ.

ಆಕೆ ಗೇಟು ದಾಟಿ ಡೈಮಂಡ್ ಹಾರ್ಬರ್ ರಸ್ತೆಗೆ ಬಂದಳು. ಮೆಟ್ರೋ ಕಂಬಗಳ ಪಕ್ಕ ಬಸ್ಸುಗಳು, ಆಟೋಗಳು. ಎರಡನೇ ಗೇರಿನಲ್ಲಿ, ಹಿಂದಿನವರ ಹಾರ್ನ್ ಕೇಳಿಸಿಕೊಳ್ಳುತ್ತ, ಠಾಕೂರ್‌ಪುಕುರ್ ಕಡೆಗೆ ಹೋದಳು. ಬ್ರೇಕು ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ಒಂದು ಕಡೆ ರಸ್ತೆ ಅಗಲವಾಗಿ, ಮಿಠಾಯಿ ಅಂಗಡಿಯ ಮುಂದೆ ನಿಲ್ಲಿಸಲು ಜಾಗವಿತ್ತು. ನಿಲ್ಲಿಸಿ, ಇಂಜಿನ್ ಆರಿಸಿ, ಇಂಚರಳಿಗೆ ಫೋನು ಮಾಡಿದಳು.

"ಸ್ಟಾರ್ಟ್ ಆತು."

"ರಿಯಲಿ? ಏನ್ ಆಗಿತ್ತು?"

"ಅರ್ಥಿಂಗ್ ವಾಯರ್ ಸರಿಯಾಗಿ ಕೂತಿದ್ದಿಲ್ಲಂತ. ಬ್ಯಾಟರಿ ಅಲ್ಲ."

ಸ್ಟುಡಿಯೋದಲ್ಲಿ ಯಾವುದೋ ಹೆಂಗಸಿನ ಸಂಭಾಷಣೆಯ ಒಂದೇ ತುಣುಕು ಮತ್ತೆ ಮತ್ತೆ ಬರುತ್ತಿತ್ತು. ಇಂಚರ ಅದನ್ನು ನಿಲ್ಲಿಸಿದಳು. "ಮತ್ಲಬ್, ಲೈಟ್ ಅಲ್ಲ."

"ಲೈಟ್ ಅಲ್ಲ."

"ಅಮ್ಮ," ಎಂದಳು. "ನಾ ನಿನಗ ಏನೂ ಅನ್ನಲಿಲ್ಲ. ಆದ್ರ ಅಂದರ್ ಅಂದರ್... ಅನ್ಕೊಂಡಿದ್ದೆ. ಭಾಳ ದಿನ ಅನ್ಕೊಂಡಿದ್ದೆ."

"ಗೊತ್ತದ ನನಗ."

"ಸಾರಿ ಅಮ್ಮ."

"ಹೂಂ."

"ಯಾರು ಫಿಟ್ ಮಾಡಿದ್ದು ಅದು, ವಾಯರ್?"

ಇಂದುಮತಿ ಕಿಟಕಿಯಿಂದ ಹೊರಗೆ ನೋಡಿದಳು. "ಹಳೇ ಗಾಡಿ. ತುಕ್ಕು ಹಿಡದಿತ್ತು," ಎಂದಳು. "ಸೋಮವಾರದವನಿಗೆ ಬರಬ್ಯಾಡಂತ ಹೇಳು. ಇದರ ಪೇಪರ್ ಮುಂದಿನ ವರ್ಷದ ತನಕ ಅವ. ನಿಮ್ಮಪ್ಪನ್ನ ಕ್ಲಿನಿಕ್ಕಿಗೇ ಕರಕೊಂಡು ಹೋದ್ರ ಅಲ್ಲಿ ಮಷೀನ್ ಎಲ್ಲಾ ಇರ್ತಾವಂತ ಫಿಸಿಯೋ ಹೇಳ್ತಿದ್ರು."

"ನೀ ಓಡಸ್ತೀಯಾ?"

"ಈಗ ಓಡಿಸಿಕೊಂಡೇ ಬಂದೀನಿ. ಠಾಕೂರ್‌ಪುಕುರ್‌ನ್ಯಾಗ ಇದ್ದೀನಿ."

ಫೋನು ಇಟ್ಟ ಮೇಲೆ ಎಣ್ಣೆಯ ವಾಸನೆ ಬಂತು. ಅಂಗಡಿಯಲ್ಲಿ ಕೊಚೂರಿ ಕರಿಯುತ್ತಿದ್ದರು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದು ಇಂದುಮತಿಗೆ ನೆನಪಾಯಿತು. ಹೊಟ್ಟೆ ಹಸಿದು ಉರಿಯುತ್ತಿತ್ತು. ಇಳಿದು ಹೋಗಿ, ಎಲೆಯ ದೊನ್ನೆಯಲ್ಲಿ ನಾಲ್ಕು ಕೊಚೂರಿ, ಮೇಲೆ ಆಲೂಗಡ್ಡೆ ಪಲ್ಯ ಹಾಕಿಸಿಕೊಂಡು, ರಸ್ತೆಯ ಪಕ್ಕದಲ್ಲಿ ನಿಂತೇ ತಿಂದಳು. ಪಲ್ಯ ಬಿಸಿಯಾಗಿತ್ತು, ನಾಲಿಗೆ ಸುಟ್ಟಿತು. ಇನ್ನೆರಡು ಹಾಕಿಸಿಕೊಂಡಳು.

ಮಂಗಳವಾರ ಒಂಬತ್ತೂವರೆಗೆ ವಾಚ್‌ಮನ್ ಮತ್ತು ಪದ್ಮಿನಿ ಸೇರಿ ದೇವೇಂದ್ರನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಕ್ಲಿನಿಕ್ ಹತ್ತು ಗಂಟೆಗೆ. ಇಂದುಮತಿ ಕೀ ತಿರುಗಿಸಿದಳು, ಕಾರು ಶುರುವಾಯಿತು. ಸೀಟ್ ಬೆಲ್ಟ್ ಹಾಕಲು ಆಕೆ ಅವನ ಕಡೆ ಬಾಗಿದಾಗ ಅವನು ಆಕೆಯ ಕೈ ಸರಿಸಿ, ಎಡಗೈಯನ್ನು ಹಿಂದಕ್ಕೆ ಚಾಚಿ ಬೆಲ್ಟು ಹಿಡಿದು ಎದೆಯ ಮೇಲಿಂದ ಎಳೆದ. ಅದು ಕೈಯಿಂದ ಜಾರಿ ವಾಪಸ್ ಹೋಯಿತು. ಮತ್ತೆ ಎಳೆದ. ಗೇಟಿನ ಬಳಿ ಶಾಲೆಯ ವ್ಯಾನೊಂದು ಬಂದು ನಿಂತು ಹಾರ್ನ್ ಹೊಡೆಯಿತು. ವಾಚ್‌ಮನ್ ಅದಕ್ಕೆ ತಡೆ ಎಂದು ಕೈ ಮಾಡಿದ. ಇಂದುಮತಿ ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟುಕೊಂಡು, ಮುಂದೆ ನೋಡುತ್ತ, ಅವನು ಹಾಕಿಕೊಳ್ಳುವವರೆಗೆ ಕಾದಳು.